ಕೆರೆಯ ನೀರು ಹೊತ್ತು ಹಾರಿದ ಮಾಮಾ

ನಮ್ಮ ಮಾಮಾನ ಹುಬ್ಬುಗಳು ಪೊದೆಯ ಹಾಗೆ. ಅವುಗಳ ಕೆಳಗೆ ಕಣ್ಣುಗಳು ಸದಾ ಅರ್ಧ ಮುಚ್ಚಿರುತ್ತಿದ್ದವು. ಅವನೂರು ಟಿಕೋಟಾದ ಜನ ನಿದ್ದೆಗಣ್ಣೆಂದು ಚೇಷ್ಟೆ ಮಾಡುತ್ತಿದ್ದರು. ಬಿಸಿಲಿಗೆ ಹೊಳೆಯುವ ಕೆರೆಗಳನ್ನು ಮೇಲಿನಿಂದ ನೋಡಿ ನೋಡಿ ಹಾಗಾಗಿದ್ದವು ಅವು.

ವಾಯುಪಡೆ ಬಿಟ್ಟ ಮೇಲೆ ಅವ್ವನ ಈ ಅಣ್ಣ ಪ್ರತಿ ಬೇಸಿಗೆಗೆ ಕೆನಡಾಕ್ಕೆ ಹೋಗಿ ಕಾಡ್ಗಿಚ್ಚು ಆರಿಸುವ ವಿಮಾನ ಹಾರಿಸುತ್ತಿದ್ದ. ಚಳಿಗಾಲಕ್ಕೆ ಊರಿಗೆ ಬಂದು ಹೊಲ ನೋಡುತ್ತಿದ್ದ. ನೆಲದ ಮೇಲೂ ನೀರಿನ ಮೇಲೂ ಇಳಿಯುವ, ಕೆರೆಯಿಂದ ನೀರು ತುಂಬಿಕೊಂಡು ಹೋಗಿ ಬೆಂಕಿಯ ಮೇಲೆ ಸುರಿಯುವ ವಿಮಾನವದು.

“ಕೆರ್ಯಾಗ ನಿಂದ್ರಿಸಿ ನೀರು ತುಂಬತೀಯೇನೋ?” ಎಂದು ಅಜ್ಜಿ ಕೇಳಿದರೆ, “ನಿಂದ್ರಂಗಿಲ್ಲ ಯವ್ವಾ, ಓಡಾಕತ್ತಾಗನ ತುಂಬಕೋಬೇಕು” ಎನ್ನುತ್ತಿದ್ದ.

ಎಪ್ಪತ್ತರ ದಶಕದ ನಡುವೆ ನಾನೂ ಹಾರಾಟ ಕಲಿತು ಅವನ ಕೈಕೆಳಗೆ ತರಬೇತಿಗೆ ಹೊರಟೆ. ಮೊದಲ ಪಾಠ ನಡೆದದ್ದು ಟಿಕೋಟಾದ ಬಾವಿ ಪಕ್ಕದ ಉದ್ದನೆಯ ತೊಟ್ಟಿಯಲ್ಲಿ. ನನ್ನ ಕೈಗೆ ತಂಬಿಗೆ ಕೊಟ್ಟು, ಬಾಯಿ ಮುಂದಾಗಿ ಹಿಡಿದು ನೀರಿನ ಮೇಲೆ ಜೋರಾಗಿ ಓಡಿಸಲು ಹೇಳಿದ. ನೀರು ತಂಬಿಗೆ ಹಿಡಿದು ಜಗ್ಗಿತು. ಮುಗ್ಗರಿಸಿ ಮೊಣಕೈವರೆಗೆ ಮುಳುಗಿದೆ.

“ತುಂಬಕೊಳ್ಳೂವಾಗ ನೀರು ಹಿಂಗ ಇಮಾನದ ಮೂಗೂ ಕೆಳಗ ಎಳೀತೈತಿ. ಆ ಜಗ್ಗಾಟ ಮೊದಲ ಕೈಗೆ ಗೊತ್ತಿರಬೇಕು,” ಎಂದು ನಕ್ಕ. ನಮ್ಮೂರು ಬಬಲೇಶ್ವರದಿಂದ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ ನಾನು ತೊಯ್ದು ತೊಪ್ಪೆಯಾಗುವವರೆಗೆ ಬಿಡಲಿಲ್ಲ.

ಕೆನಡಾದಲ್ಲಿ ಒಂದು ಮಧ್ಯಾಹ್ನ ಬೆಂಕಿ ಒಂದು ಹಳ್ಳಿಯತ್ತ ಸರಿಯುತ್ತಿತ್ತು. ಹತ್ತಿರದಲ್ಲೇ ಕೆರೆ, ಕನ್ನಡಿಯಂತೆ ನಿಶ್ಚಲ. ನಾನು ವಿಮಾನ ಇಳಿಸತೊಡಗಿದೆ. ನೀರು ಇನ್ನೂ ಬಹಳ ಕೆಳಗಿದೆ ಎಂದುಕೊಂಡಿದ್ದೆ.

ಅಷ್ಟರವರೆಗೆ ಪಕ್ಕದ ಸೀಟಿನಲ್ಲಿ ಕೂತು ಇಂಗ್ಲಿಷಿನಲ್ಲಿ ಹೇಳಿಕೊಡುತ್ತಿದ್ದ ಮಾಮಾ ಒಮ್ಮೆಲೇ, “ಏಳಸೋ! ಮ್ಯಾಲೆ ಏಳಸ!” ಎಂದು ಚೀರಿದ.

ಎಂಜಿನ್ನಿಗೆ ಪೂರ್ತಿ ಜೋರು ಕೊಟ್ಟು ಮೇಲೆತ್ತುವಾಗ ಪಕ್ಕಕ್ಕೆ ನೋಡಿದೆ. ದಂಡೆಯ ಗಿಡಗಳ ತುದಿ ನಮ್ಮ ರೆಕ್ಕೆಗಿಂತ ಎಷ್ಟೋ ಮೇಲಿತ್ತು; ನೀರು ತಾಗುವಷ್ಟು ಹತ್ತಿರವಿತ್ತು. ನಾನು ನೋಡಿದ್ದು ನೀರನ್ನಲ್ಲ, ನೀರಿನೊಳಗಿನ ಆಕಾಶವನ್ನು. ಆದರೂ ಸಿಟ್ಟು ಬಂತು.

“ಮಾಮಾ, ಅಲ್ಲೆ ಮನಿ ಸುಡತಾವು!”

“ನಾವ ಮುಳುಗಿದ್ರ ನೀರು ಯಾರು ಒಯ್ಯಾವ್ರೋ? ಆಚೀ ಕೆರಿಗೆ ನಡಿ. ಅಲ್ಲೆ ಗಾಳಿಗೆ ತೆರಿ ಎದ್ದಾವು, ನೀರು ಎಲ್ಲೈತಿ ಅಂತ ಕಾಣತೈತಿ.”

ದೂರದ ಆ ಕೆರೆಯಿಂದ ಕತ್ತಲಾಗುವವರೆಗೆ ನೀರು ಹೊತ್ತೆವು. ಒಂದು ಕೊಟ್ಟಿಗೆ ಸುಟ್ಟಿತು, ಮನೆಗಳು ಉಳಿದವು. ರಾತ್ರಿ ಊಟಕ್ಕೆ ಕುಳಿತಾಗ ಮಾಮಾ ಒಂದು ಮಾತೂ ಬೈಯಲಿಲ್ಲ. ಊರಿನಿಂದ ತಂದ ಶೇಂಗಾ ಚಟ್ನಿಯಲ್ಲಿ ಉಳಿದದ್ದನ್ನೆಲ್ಲ ನನ್ನ ತಟ್ಟೆಗೆ ಸುರಿದ.

ಆ ದಶಕದ ಕೊನೆಗೆ ಎದೆನೋವು ಬಂದು ಅವನು ಹಾರಾಟ ಬಿಟ್ಟ. ಮರುವರ್ಷದ ಬೇಸಿಗೆಯಲ್ಲಿ ಬಿಜಾಪುರದ ಆಸ್ಪತ್ರೆಯಲ್ಲಿ ತೀರಿಕೊಂಡ. ಆಗ ನಾನು ಕೆನಡಾದಲ್ಲಿ ಬೆಂಕಿ ಆರಿಸುವ ಕೆಲಸದಲ್ಲಿದ್ದೆ, ಮಣ್ಣಿಗೆ ಬರಲಾಗಲಿಲ್ಲ.

ಚಳಿಗಾಲಕ್ಕೆ ಟಿಕೋಟಾಕ್ಕೆ ಹೋದೆ. ಮಾಮಾನ ಹೆಂಡತಿ, ನಮ್ಮ ಅತ್ತಿ, ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ ಕೇಳಿದಳು: “ಖರೇ ಹೇಳು. ನೀರಿಗೆ ತಾಗೂವಾಗ ಅವರಿಗೆ ಅಂಜಿಕಿ ಬರತಿತ್ತೇನು?”

“ಬರತಿತ್ತು ಅತ್ತಿ. ಪ್ರತಿ ಸಲಾನೂ ಬರತೈತಿ ಅಂತ ನನಗ ಹೇಳಿದ್ದ.”

ಅತ್ತಿಯ ಕೈ ನಿಂತಿತು.

“ನನಗ ಮಾತ್ರ, ಅದು ಎಮ್ಮಿ ಮೈ ತೊಳದಂಗ, ಅಂಜೂದೇನೈತಿ ಅಂತಿದ್ದರು ನೋಡು,” ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡು, ನಗುತ್ತಲೇ ರೊಟ್ಟಿಯನ್ನು ಹಂಚಿಗೆ ಹಾಕಿದಳು.