ಕೇಳಿಸದೆ ತಲೆ ಆಡಿಸಿದ ದಿನ

ಕಳೆದ ವರ್ಷ ದೀಪಾವಳಿ ಮುಗಿದು ಎರಡು ವಾರಕ್ಕೆ ನಮ್ಮಮ್ಮ ತೀರಿಕೊಂಡಳು. ಬೆಳಿಗ್ಗೆ ಆರು ಗಂಟೆಗೆ ಬಚ್ಚಲು ಮನೆಯ ಬಾಗಿಲಲ್ಲಿ ಕುಸಿದು ನನ್ನ ಹೆಸರು ಹಿಡಿದು ಕೂಗಿದಳಂತೆ. ನನಗೆ ಕೇಳಿಸಲಿಲ್ಲ. ನನ್ನ ಹೆಂಡತಿ ಸವಿತಾ ಅಡುಗೆಮನೆಯಿಂದ ಓಡಿಹೋಗಿ ಅವಳನ್ನು ಹಿಡಿದುಕೊಂಡಳು. ಯಲಹಂಕದ ನಮ್ಮ ಮನೆಯಿಂದ ಆಸ್ಪತ್ರೆಗೆ ಹತ್ತು ನಿಮಿಷದ ದಾರಿ. ಅಷ್ಟರಲ್ಲೇ ಮುಗಿದುಹೋಗಿತ್ತು.

ನನಗೆ ಯಾಕೆ ಕೇಳಿಸಲಿಲ್ಲ ಎಂಬುದನ್ನು ಮೊದಲು ಹೇಳಬೇಕು. ನಾಲ್ಕು ವರ್ಷದ ಹಿಂದೆ ನನ್ನ ಬಲಗಿವಿಯ ಹಿಂದೆ ಆಪರೇಷನ್ ಆಯಿತು. ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಗಡ್ಡೆ ಬೆಳೆದಿತ್ತು. ಅಕೌಸ್ಟಿಕ್ ನ್ಯೂರೋಮಾ ಎಂದು ಅದರ ಹೆಸರು. ಕ್ಯಾನ್ಸರ್ ಅಲ್ಲ. ನಾನು ಯಶವಂತಪುರದ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಇಪ್ಪತ್ತು ವರ್ಷದಿಂದ ಮಷಿನ್ ಓಡಿಸುತ್ತಿರುವವನು. ಕಿವಿ ಮಂದವಾದಾಗ ಮಷಿನ್ ಸದ್ದಿನಿಂದ ಹಾಗಾಗಿದೆ ಎಂದು ಎಲ್ಲರೂ ಹೇಳಿದರು, ನಾನೂ ನಂಬಿದೆ. ನಡೆಯುವಾಗ ಒಂದು ಕಡೆಗೆ ವಾಲಲು ಶುರುವಾದ ಮೇಲೆಯೇ ಸ್ಕ್ಯಾನ್ ಮಾಡಿಸಿದ್ದು. ಆಗ ಗಡ್ಡೆ ನಿಂಬೆಹಣ್ಣಿನಷ್ಟಾಗಿತ್ತು.

ಗಡ್ಡೆ ತೆಗೆಯಲು ಕಿವಿಯ ಹಿಂದಿನ ತಲೆಬುರುಡೆಯ ಮೂಳೆಯನ್ನು ಸ್ವಲ್ಪ ಕೊರೆದು ತೆಗೆದರು. ಅದನ್ನು ಮತ್ತೆ ಕೂರಿಸಲಿಲ್ಲ. ಗಾಯ ಒಣಗಿ ಊತ ಇಳಿದ ಮೇಲೆ ಅಲ್ಲಿ ಒಂದು ಗುಂಡಿ ಬಿತ್ತು. ಎರಡು ಬೆರಳು ಆರಾಮವಾಗಿ ಕೂರುವಷ್ಟು ಗುಂಡಿ. ಒಳಗೆ ನಾಡಿ ಮಿಡಿಯುವುದು ಚರ್ಮದ ಮೇಲೆಯೇ ಗೊತ್ತಾಗುತ್ತದೆ. ಕೆಮ್ಮಿದರೆ ಉಬ್ಬುತ್ತದೆ. ಹೆಲ್ಮೆಟ್ ಹಾಕಿದರೆ ಅರ್ಧ ಗಂಟೆಗೆ ತಲೆ ಸಿಡಿಯುತ್ತದೆ, ಹಾಗಾಗಿ ಗಾಡಿ ಮಾರಿ ಬಸ್ಸಿನಲ್ಲಿ ಓಡಾಡುತ್ತೇನೆ. ಬಲಗಿವಿ ಪೂರ್ತಿ ಹೋಯಿತು. ಗುಂಡಿಯ ಕಡೆ ಮಲಗಲು ಆಗುವುದಿಲ್ಲ. ಇನ್ನೊಂದು ಕಡೆ ಮಲಗಿದರೆ ಕೇಳಿಸುವ ಕಿವಿ ದಿಂಬಿನೊಳಗೆ ಹೋಗುತ್ತದೆ. ಆ ಬೆಳಿಗ್ಗೆ ನಾನು ಹಾಗೆ ಮಲಗಿದ್ದೆ.

ಕೂದಲು ಉದ್ದ ಬಿಟ್ಟು ಗುಂಡಿಯನ್ನು ಮುಚ್ಚಿಕೊಂಡಿದ್ದೆ. ಆದರೂ ಕಟಿಂಗ್ ಶಾಪಿನಲ್ಲಿ, ಬಸ್ಸಿನಲ್ಲಿ ಹಿಂದಿನ ಸೀಟಿನವರು, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಯಾರೋ ಒಬ್ಬರು ನೋಡಿಯೇ ನೋಡುತ್ತಾರೆ. ಆಕ್ಸಿಡೆಂಟಾ ಎಂದು ಕೇಳುತ್ತಾರೆ. ಅಲ್ಲ ಎಂದರೆ ಅವರಿಗೆ ನಿರಾಸೆ. ಅಮ್ಮ ಒಬ್ಬಳೇ ಅದನ್ನು ಗುಂಡಿ ಎಂದೇ ಕರೆದು ಹಗುರ ಮಾಡಿದವಳು. "ತಲೆ ತೂತಾಗೈತೆ ಅಷ್ಟೇ ಕಣೋ, ಬುದ್ಧಿ ಏನ್ ಸೋರೋಗಿಲ್ವಲ್ಲ. ಇದ್ದಿದ್ರೆ ತಾನೆ ಸೋರಕ್ಕೆ," ಎನ್ನುತ್ತಿದ್ದಳು. ಭಾನುವಾರ ನನಗೆ ಎಣ್ಣೆ ಹಚ್ಚಿ ತಲೆಗೆ ನೀರು ಹಾಕುವಾಗ ಒಂದು ಅಂಗೈಯನ್ನು ಗುಂಡಿಯ ಮೇಲೆ ಕವುಚಿ ಹಿಡಿಯುತ್ತಿದ್ದಳು. ನೀರು ನೇರವಾಗಿ ಬಿದ್ದರೆ ಸೀಳಿದಂತೆ ನೋವಾಗುತ್ತದೆ ಎಂದು ನಾನು ಹೇಳಿದ್ದು ಒಂದೇ ಸಲ. ನಲವತ್ತಾರು ವರ್ಷದ ಮಗನಿಗೆ ತಾಯಿ ತಲೆ ಸ್ನಾನ ಮಾಡಿಸುವುದನ್ನು ಕಂಡು ಓಣಿಯವರು ನಗುತ್ತಿದ್ದರು. ನಗಲಿ.

ಇನ್ನೊಂದು ಅಭ್ಯಾಸದ ಬಗ್ಗೆ ಹೇಳಬೇಕು. ಬಲಗಡೆಯಿಂದ ಯಾರಾದರೂ ಮಾತಾಡಿದರೆ, ಅದರಲ್ಲೂ ಜನ ಸೇರಿದ ಕಡೆ, ನನಗೆ ಬರೀ ಗಜಿಬಿಜಿ. ಮೊದಮೊದಲು ಏನಂದ್ರಿ, ಏನಂದ್ರಿ ಎಂದು ಕೇಳುತ್ತಿದ್ದೆ. ಮೂರನೇ ಸಲ ಕೇಳಿದಾಗ ಎದುರಿಗಿದ್ದವರ ಮುಖದಲ್ಲಿ ಬೇಸರ ಕಾಣಿಸುತ್ತದೆ. ಬರುಬರುತ್ತಾ ಕೇಳುವುದು ಬಿಟ್ಟು ತಲೆ ಆಡಿಸಲು ಕಲಿತೆ. ಕಿವಿ ಕೇಳದವರೆಲ್ಲರೂ ಬಹುಶಃ ಹೀಗೆ ಮಾಡುತ್ತಾರೆ.

ಅಮ್ಮನನ್ನು ಮಣ್ಣು ಮಾಡಲು ಬಾಗಲೂರಿನ ಹತ್ತಿರದ ನಮ್ಮ ಊರಿಗೆ ತೆಗೆದುಕೊಂಡು ಹೋದೆವು. ಸುತ್ತ ಹೊಲವೆಲ್ಲ ಲೇಔಟ್ ಆಗಿದೆ. ನಮ್ಮ ಹಿರಿಯರನ್ನು ಮಣ್ಣು ಮಾಡಿದ ಜಾಗ ಮಾತ್ರ ಉಳಿದಿದೆ. ಅಲ್ಲಿ ಎಲ್ಲದರ ಯಜಮಾನಿಕೆ ನಮ್ಮ ಚಿಕ್ಕಪ್ಪನದು. ಅಪ್ಪನ ತಮ್ಮ ಅವರು. ಚಟ್ಟ ಕಟ್ಟಿಸಿದರು, ಗುಂಡಿ ತೋಡಿಸಿದರು, ದಾಸಯ್ಯನನ್ನು ಕರೆಸಿದರು. ನಮ್ಮಲ್ಲಿ ಇಂಥ ಕಾರ್ಯ ನಡೆಸಿಕೊಡುವುದು ದಾಸಯ್ಯ.

ನಾನು ಅಮ್ಮನ ಕಾಲ ಬಳಿ ನಿಂತಿದ್ದೆ. ತಮಟೆ ಬಡಿಯುತ್ತಿತ್ತು, ಹೆಂಗಸರು ಅಳುತ್ತಿದ್ದರು. ಚಿಕ್ಕಪ್ಪ ಇನ್ನಿಬ್ಬರು ಹಿರಿಯರ ಜೊತೆ ನನ್ನ ಬಲಗಡೆ ನಿಂತು ಏನೋ ಮಾತಾಡಿದರು. ನಂತರ ನನ್ನ ಭುಜ ಮುಟ್ಟಿ ಏನೋ ಕೇಳಿದರು. ಹೊರಡೋಣವೇ ಎಂದು ಕೇಳಿರಬೇಕು ಅಂದುಕೊಂಡೆ. ತಲೆ ಆಡಿಸಿದೆ.

ಚಟ್ಟ ಎತ್ತಿದಾಗ ಬೆಂಕಿ ಮಡಕೆ ಚಿಕ್ಕಪ್ಪನ ಮಗ ಮಂಜುವಿನ ಕೈಯಲ್ಲಿತ್ತು. ನಮ್ಮಲ್ಲಿ ಸುಡದೆ ಮಣ್ಣು ಮಾಡಿದರೂ, ಮಡಕೆಗೆ ಹಗ್ಗ ಕಟ್ಟಿ ಹಿಡಿದುಕೊಂಡು ಹೆಣದ ಮುಂದೆ ನಡೆಯುವುದು ಮಗನ ಕೆಲಸ. ನಾನು ಅಮ್ಮನಿಗೆ ಒಬ್ಬನೇ ಮಗ. "ಇದೇನು ಚಿಕ್ಕಪ್ಪ?" ಎಂದೆ. ಅವರು ಈಗ ನನ್ನ ಎಡಗಡೆಗೆ ಬಂದರು.

"ನಿನ್ನ ಕೇಳೇ ಮಾಡಿದ್ದಪ್ಪ. ನೀನು ವಾಲ್ತೀಯ, ಎಡವಿ ಬಿದ್ರೆ ಏನ್ ಗತಿ? ನೀನೇ ತಲೆ ಆಡಿಸ್ದೆ. ನಡಿ ನಡಿ, ಎತ್ತಿದ್ದು ಇಳಿಸಂಗಿಲ್ಲ."

ಎತ್ತಿದ ಚಟ್ಟವನ್ನು ಇಳಿಸಬಾರದು ಎಂಬುದು ನನಗೂ ಗೊತ್ತು. ನಾನು ವಾಲುವುದೂ ನಿಜ. ಸುಮ್ಮನೆ ಮಂಜುವಿನ ಹಿಂದೆ ನಡೆದೆ. ಮೊದಲ ಹಿಡಿ ಮಣ್ಣನ್ನೂ ಅವನೇ ಹಾಕಿದ. ಎರಡನೆಯದು ನನ್ನದು.

ಮೂರನೇ ದಿನ ಹಾಲುತುಪ್ಪ. ಬೆಂಕಿ ಹಿಡಿದವನೇ ಎಲ್ಲ ಮಾಡಬೇಕು ಎಂದು ಅವತ್ತೂ ಮಂಜುವನ್ನೇ ಕೂರಿಸಿದರು. ಅವನು ಮಣ್ಣಿಗೆ ಹಾಲು ಬಿಟ್ಟು ಎಡೆ ಇಟ್ಟ. ಅಮ್ಮನಿಗೆ ಇಷ್ಟವಾದ ಅಡುಗೆಯನ್ನೆಲ್ಲ ಎಲೆಯಲ್ಲಿ ಬಡಿಸಿ ದೂರ ನಿಂತು ಕಾಗೆಗೆ ಕಾದೆವು. ಕಾಗೆ ಮುಟ್ಟಿದರೆ ಹೋದವರು ಒಪ್ಪಿಕೊಂಡರು ಎಂದು ನಂಬಿಕೆ. ಮುಕ್ಕಾಲು ಗಂಟೆಯಾದರೂ ಒಂದೂ ಕಾಗೆ ಬರಲಿಲ್ಲ. ಚಿಕ್ಕಪ್ಪ ಕೈ ಕೊಡವಿಕೊಂಡು, "ಈಗೆಲ್ಲೈತೆ ಕಾಗೆ ಬಿಡ್ರಪ್ಪ. ಮರ ಎಲ್ಲಾ ಕಡ್ದು ಅಪಾರ್ಟ್‌ಮೆಂಟ್ ಕಟ್ಟವ್ರೆ. ಎತ್ತಿ ದನಕ್ಕೆ ಕೊಡಿ," ಎಂದರು.

ಅವತ್ತು ಮನೆಗೆ ಬಂದ ಮೇಲೆ ಸವಿತಾಳ ಹತ್ತಿರ ಹೇಳಿದೆ. "ನಾನು ಬೀಳ್ತೀನಿ ಅಂತ ಮಡಕೆ ಕೊಡಲಿಲ್ಲ. ಯಾರಾದ್ರೂ ಜೊತೆಗೆ ಕೈ ಹಿಡಿದಿದ್ರೆ ಆಗ್ತಿರಲಿಲ್ವಾ?"

ಅವಳು ನನ್ನನ್ನೇ ನೋಡಿದಳು. "ಬೀಳ್ತೀರ ಅಂತಾನಾ? ನಿಮಗೆ ಕೇಳಿಸ್ಲಿಲ್ವಾ?"

"ಏನು?"

"ಅಯ್ಯೋ, ನೀವು ಪಕ್ಕದಲ್ಲೇ ನಿಂತಿದ್ರಲ್ರೀ. ತಲೆನೂ ಆಡಿಸಿದ್ರಿ. ಮನಸ್ಸು ಗಟ್ಟಿ ಮಾಡ್ಕೊಂಡು ಒಪ್ಕೊಂಡ್ರಿ ಅಂತ ನಾನು ಸುಮ್ನಾದೆ." ಆಮೇಲೆ ತಡೆತಡೆದು ಹೇಳಿದಳು. ಊನ ಇರೋನು ಬೆಂಕಿ ಹಿಡಿದರೆ ಹೋದ ಜೀವಕ್ಕೆ ದಾರಿ ಸಿಗಲ್ಲ, ಇವನ ತಲೆಯಲ್ಲಿ ಮೂಳೆನೇ ಇಲ್ಲ, ಅತ್ತಿಗೆ ಅಲ್ಲೇ ಅಲೆಯೋದು ಬೇಡ, ಮಂಜ ಹಿಡೀಲಿ ಎಂದು ಚಿಕ್ಕಪ್ಪ ಹಿರಿಯರಿಗೆ ಹೇಳಿದರಂತೆ. ಏನಪ್ಪ, ಸರೀನಾ ಎಂದು ನನ್ನನ್ನು ಕೇಳಿದರಂತೆ.

ನಾನು ಅದಕ್ಕೆ ತಲೆ ಆಡಿಸಿದ್ದೆ.

ನನಗೆ ಮೊದಲು ಬಂದದ್ದು ದುಃಖವಲ್ಲ. ಮೈಯೆಲ್ಲ ಉರಿಯಿತು. ನಾಲ್ಕು ವರ್ಷದಿಂದ ನನ್ನ ಯಾವ ಕಡೆ ನಿಂತು ಮಾತಾಡಬೇಕು ಎಂದು ಚಿಕ್ಕಪ್ಪನಿಗೆ ಗೊತ್ತು. ಹಬ್ಬಕ್ಕೆ ಮನೆಗೆ ಬಂದಾಗಲೆಲ್ಲ ಎಡಗಡೆಗೇ ಬಂದು ಕೂರುತ್ತಿದ್ದರು. ಅವತ್ತು ಬಲಗಡೆ ನಿಂತು ಕೇಳಿದ್ದು ಗಡಿಬಿಡಿಯಲ್ಲಿ ಆದದ್ದೋ, ಬೇಕೆಂದೇ ಮಾಡಿದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮೇಲೆಯೇ ನನಗೆ ಬಂದ ಸಿಟ್ಟು ಇನ್ನೂ ದೊಡ್ಡದು. ಅಮ್ಮನ ಮುಂದೆ ನಿಂತು ಕೂಡ ಇನ್ನೊಂದು ಸಲ ಹೇಳಿ ಎಂದು ಕೇಳಲು ನಾಚಿದವನು ನಾನು.

ಅಪ್ಪ ತೀರಿಕೊಂಡಾಗ ನನಗೆ ಹನ್ನೊಂದು ವರ್ಷ. ಆಗ ಮಡಕೆ ನನ್ನ ಕೈಯಲ್ಲೇ ಇತ್ತು. ಭಾರ ತಡೆಯದೆ ನಾನು ತೂರಾಡಿದಾಗ ಹಗ್ಗಕ್ಕೆ ಕೈ ಕೊಟ್ಟವರು ಇದೇ ಚಿಕ್ಕಪ್ಪ.

ಹನ್ನೊಂದನೇ ದಿನ ತಿಥಿ. ಕಾರ್ಯ ಮಾಡುವ ಮಗ ತಲೆ ಬೋಳಿಸಿಕೊಳ್ಳಬೇಕು. ಬೋರ್‌ವೆಲ್ ಪಕ್ಕದ ಚಪ್ಪಡಿ ಕಲ್ಲಿನ ಹತ್ತಿರ ಊರಿನ ಕ್ಷೌರದ ಮುನಿಯಣ್ಣ ಸಾಮಾನು ಹರಡಿ ಕೂತಿದ್ದರು. ಮಂಜು ಅಂಗಿ ಬಿಚ್ಚುತ್ತಿದ್ದ. ನಾನು ಹೋಗಿ ಅವನಿಗಿಂತ ಮುಂಚೆ ಕಲ್ಲಿನ ಮೇಲೆ ಕೂತೆ.

ಚಿಕ್ಕಪ್ಪ ಬಂದು ನಿಂತು ಏನೋ ಹೇಳಿದರು. ಬಲಗಡೆ. ನಾನು ಈ ಸಲ ತಲೆ ಆಡಿಸಲಿಲ್ಲ. "ಈ ಕಡೆ ಬಂದು ಹೇಳಿ," ಎಂದೆ. ಅವರು ಬಂದರು.

"ಎದ್ದೇಳೋ ನಾಗ. ಬೆಂಕಿ ಇಡ್ದೋನೇ ಕೊನೆ ಗಂಟ ಮಾಡ್ಬೇಕು. ನಮ್ ತಾತನ್ ಕಾಲ್ದಿಂದ ಇಂಗೇ ನಡ್ಕಂಡ್ ಬಂದಿರೋದು."

"ಬೆಂಕಿ ನನ್ನ ಕೈಗೆ ಯಾಕೆ ಬರ್ಲಿಲ್ಲ ಅಂತ ಮೊದ್ಲು ಹೇಳಿ. ಎಲ್ಲರಿಗೂ ಕೇಳೋ ಹಂಗೆ ಹೇಳಿ. ನನಗೂ ಕೇಳಿಸ್ಲಿ."

ಅವರು ದಾಸಯ್ಯನ ಕಡೆ ನೋಡಿದರು. ದಾಸಯ್ಯ ಶಂಖ ಒರೆಸುತ್ತಾ, "ಮನೆಯವ್ರು ಎಂಗೆ ಏಳ್ತೀರೋ ಅಂಗೆ," ಎಂದು ಜಾರಿಕೊಂಡ. ಆಗ ಮಂಜು ಬಾಯಿ ಬಿಟ್ಟ. "ಅಪ್ಪಾ, ಸಾಕು ಬಿಡಿ. ದೊಡ್ಡಮ್ಮ ಅಣ್ಣನ ತಾಯಿ. ನಾನೂ ಬೋಳಿಸ್ಕೋತೀನಿ, ಎಡೆ ಅಣ್ಣನೇ ಇಡ್ಲಿ." ದಾಸಯ್ಯನಿಗೆ ಅಷ್ಟೇ ಬೇಕಾಗಿತ್ತು. ಆಗಬಹುದು ಎಂದುಬಿಟ್ಟ.

ಮುನಿಯಣ್ಣ ತಲೆಗೆ ನೀರು ಚಿಮುಕಿಸಿ ಕತ್ತಿ ಹಿಡಿದರು. ಕಿವಿಯ ಹಿಂದೆ ಬಂದಾಗ ಅವರ ಕೈ ನಿಂತಿತು. "ಇಲ್ಲಿ ಮೂಳೆ ಇಲ್ವಲ್ಲ ಸ್ವಾಮಿ. ಏನೋ ಮಿಡೀತೈತೆ."

"ಇಲ್ಲ. ಚರ್ಮದ ಮೇಲೆ ಮಾತ್ರ ಹೋಗಿ. ಒತ್ತಬೇಡಿ."

"ನೀವು ಕೆಮ್ಮಬೇಡಿ ಮತ್ತೆ," ಎಂದು ಅವರು ಬೆರಳಿನಿಂದ ಚರ್ಮವನ್ನು ಮೆಲ್ಲಗೆ ಎಳೆದು ಹಿಡಿದು ಒಂದೊಂದೇ ಎಳೆ ಕೂದಲು ತೆಗೆದರು. ಅಷ್ಟು ಹೊತ್ತು ಉಸಿರು ಬಿಗಿಹಿಡಿದು ಕೂತೆ.

ಎದ್ದು ನಿಂತಾಗ ಎಲ್ಲರ ಕಣ್ಣು ಅಲ್ಲೇ ಇತ್ತು. ನಾಲ್ಕು ವರ್ಷ ಮುಚ್ಚಿಟ್ಟದ್ದು ಬಿಸಿಲಿಗೆ ಬಿದ್ದಿತ್ತು. ಚಿಕ್ಕಪ್ಪ ಹಿಂದಿನಿಂದ ಬಂದರು. "ನೋಡ್ರಪ್ಪ, ಬೆರಳೇ ಒಳೀಕ್ಕೆ ಓಯ್ತದೆ. ಇದನ್ನ ಇಟ್ಕಂಡು..." ಎನ್ನುತ್ತಾ ಹೆಬ್ಬೆರಳನ್ನು ಗುಂಡಿಯೊಳಗೆ ಒತ್ತಿದರು.

ನೋವು ದವಡೆಯವರೆಗೆ ಬಂತು, ಕಣ್ಣು ಕತ್ತಲಿಟ್ಟಿತು. ನಾನು ಅವರ ಮುಂಗೈ ಹಿಡಿದೆ. ಜೀವನದಲ್ಲಿ ಹಿರಿಯರ ಮೇಲೆ ಕೈ ಮಾಡಿದವನಲ್ಲ. ಅವತ್ತು ಹಿಡಿದ ಕೈ ಬಿಡಲು ಮನಸ್ಸಾಗಲಿಲ್ಲ. ಸವಿತಾ ಬಂದು ನನ್ನ ಬೆರಳು ಬಿಡಿಸಿದಳು.

ಎಡೆ ನಾನೇ ಇಟ್ಟೆ. ಹೆಸರುಕಾಳಿನ ಸಾರು, ಮುದ್ದೆ, ಒಬ್ಬಟ್ಟು, ಅಮ್ಮ ಊಟ ಆದ ಮೇಲೆ ಹಾಕಿಕೊಳ್ಳುತ್ತಿದ್ದ ಎಲೆ ಅಡಿಕೆ. ದೂರ ನಿಂತು ಕಾದೆವು. ಒಂದು ಗಂಟೆ ಆಯಿತು. ದೂರದ ಅಪಾರ್ಟ್‌ಮೆಂಟಿನ ಟ್ಯಾಂಕಿನ ಮೇಲೆ ಪಾರಿವಾಳ ಕೂತಿದ್ದವು. ಕಾಗೆ ಮಾತ್ರ ಇಲ್ಲ.

"ನಾನ್ ಏಳ್ಲಿಲ್ವಾ," ಎಂದರು ಚಿಕ್ಕಪ್ಪ. ಜೋರಾಗಿಯೇ ಹೇಳಿದರು, ಎಡಗಡೆಯಿಂದಲೇ. "ಅತ್ತಿಗೆ ಒಪ್ತಿಲ್ಲ. ಊನ ಇರೋನ್ ಕೈ ಎಡೆ ಮುಟ್ತಿಲ್ಲ."

ನನ್ನ ದನಿ ನನಗೇ ಗುರುತು ಸಿಗಲಿಲ್ಲ. "ಮೂರನೇ ದಿನ ಮಂಜು ಎಡೆ ಇಟ್ಟಾಗ ಎಷ್ಟು ಕಾಗೆ ಬಂದಿದ್ವು ಚಿಕ್ಕಪ್ಪ? ಅವತ್ತು ಅಪಾರ್ಟ್‌ಮೆಂಟ್ ಕಟ್ಟಿದ್ದಕ್ಕೆ ಬರ್ಲಿಲ್ಲ, ಇವತ್ತು ನನ್ನ ತಲೆ ನೋಡಿ ಬರ್ಲಿಲ್ವಾ? ಹನ್ನೊಂದು ವರ್ಷದ ಹುಡುಗ ತೂರಾಡಿದಾಗ ಹಗ್ಗಕ್ಕೆ ಕೈ ಕೊಟ್ರಲ್ಲ. ಈಗ ಕೊಡೋಕೆ ಏನಾಗಿತ್ತು? ನಮ್ಮಮ್ಮ ಈ ಗುಂಡಿ ಮೇಲೆ ಕೈ ಇಟ್ಟು ನಾಲ್ಕು ವರ್ಷ ನೀರು ಹಾಕವ್ಳೆ. ಅವಳಿಗೆ ಆಗದ ಅಸಹ್ಯ ನಿಮಗ್ಯಾಕೆ?"

ಚಿಕ್ಕಪ್ಪ ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು ಶಾಮಿಯಾನದ ಕಡೆ ಹೋದರು. ಎಡೆಯನ್ನು ನಾನೇ ಎತ್ತಿ ದನಕ್ಕೆ ಹಾಕಿದೆ. ಅಮ್ಮ ಒಪ್ಪಿದಳೋ ಇಲ್ಲವೋ ಹೇಳಲು ಅಲ್ಲಿ ಯಾರೂ ಇರಲಿಲ್ಲ.

ಆಮೇಲೆ ತುಂಬಾ ಜನ ನನಗೆ ಬುದ್ಧಿ ಹೇಳಿದ್ದಾರೆ. ಹಳೇ ಕಾಲದವರು, ಮರೆತುಬಿಡು ಎನ್ನುತ್ತಾರೆ. ಕೊನೆಗೆ ಎಡೆ ನೀವೇ ಇಟ್ಟಿರಲ್ಲ, ಇನ್ನೇನು ಬೇಕು ಎಂದು ಸವಿತಾ ಕೂಡ ಕೇಳುತ್ತಾಳೆ. ತಿಥಿಯನ್ನು ವರ್ಷವರ್ಷವೂ ಮಾಡಬಹುದು. ತಾಯಿಯ ಮುಂದೆ ಬೆಂಕಿ ಹಿಡಿದು ನಡೆಯುವುದು ಒಂದೇ ಸಲ.

ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಮಂಜು ನಮ್ಮ ಮನೆಗೆ ಬಂದಿದ್ದ. ಚಡ್ಡಿ ಹಾಕಿಕೊಂಡು ಸೋಫಾದ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಅವನ ಬಲ ಮೊಣಕಾಲಿನ ಪಕ್ಕ ಎರಡು ರೂಪಾಯಿ ನಾಣ್ಯದಗಲ ಚರ್ಮ ಕಪ್ಪಾಗಿ ಸುಕ್ಕಾಗಿತ್ತು.

"ಏನೋ ಅದು?" ಎಂದೆ.

"ದೊಡ್ಡಮ್ಮನ್ ದಿನದ್ದು ಅಣ್ಣ. ಮಡಕೆ ತೂಗಾಡಿ ತಗುಲ್ತು. ಸಿಕ್ಕಾಪಟ್ಟೆ ಉರೀತಿತ್ತು, ಇಳಿಸೋ ಹಂಗಿರ್ಲಿಲ್ಲ. ಏನ್ ಹಚ್ಚಿದ್ರೂ ಹೋಗ್ತಾ ಇಲ್ಲ."

ಅವನು ಇನ್ನೂ ಏನೇನೋ ಮಾತಾಡಿದ. ಒಳ್ಳೆಯ ಹುಡುಗ, ಅವನ ಮೇಲೆ ನನಗೆ ಸಿಟ್ಟಿಲ್ಲ. ಆದರೂ ಅವನ ಮುಖ ನೋಡಲು ನನ್ನಿಂದ ಆಗಲಿಲ್ಲ. ಆ ಸುಟ್ಟ ಗುರುತನ್ನೇ ನೋಡುತ್ತಾ ಕೂತಿದ್ದೆ. ಅದು ನನ್ನ ಮೈಮೇಲೆ ಇರಬೇಕಾಗಿತ್ತು.