ಎಂಟು ಪಾಲಾದ ಕುಟುಂಬದ ಪುಸ್ತಕ

ಮಕ್ಕಳೇ, ನಾನು ಏಳನೆಯವರೆಗೆ ಊರಿನ ಶಾಲೆಯಲ್ಲಿ ಕಲಿತವಳು. ನಾಲ್ಕು ಜನರ ಮುಂದೆ ಬಾಯಿ ಬಿಡುವುದು ಇಂದಿಗೂ ನನಗೆ ಕಷ್ಟ. ಆದರೆ ದೊಡ್ಡ ಪುಸ್ತಕವೊಂದನ್ನು ಪಾಲು ಮಾಡಿ ಹಲವರಿಗೆ ಕೊಡುವಾಗ ಎಲ್ಲಿ ತಪ್ಪುತ್ತದೆ ಎಂಬುದನ್ನು ಯಾರೂ ನನಗೆ ಕಲಿಸಬೇಕಾಗಿಲ್ಲ.

ನಾನು ಮದುವೆಯಾಗಿ ಕೋಡಿಂಬಾಳಕ್ಕೆ ಬಂದ ವರ್ಷ ಕುಟುಂಬದವರ ಹೆಸರೆಲ್ಲ ಇರುವ ಹಳೆಯ ಪುಸ್ತಕವನ್ನು ಹೊಸದಾಗಿ ಬರೆಯಬೇಕಾಗಿ ಬಂತು. ಮನೆಯ ಯಜಮಾನ, ಅವನ ಕೆಳಗೆ ಹೆಂಡತಿ, ಅವಳ ಕೆಳಗೆ ಮಕ್ಕಳು, ಹೀಗೆ ಒಂದರೊಳಗೊಂದು. ಬೇಗ ಮುಗಿಯಲೆಂದು ಮಾವ ಪುಸ್ತಕದ ಹೊಲಿಗೆ ಬಿಚ್ಚಿ, ಹಾಳೆ ಎಣಿಸಿ, ಅಕ್ಷರ ಚೆಂದವಿದ್ದ ನಾಲ್ವರಿಗೆ ಹಂಚಿದರು. ನನ್ನ ಪಾಲಿನ ಮೊದಲ ಸಾಲಿನಲ್ಲೇ ಒಂದು ಹುಡುಗಿಯ ಹೆಸರಿತ್ತು. ಅವಳ ತಾಯಿ ತಂದೆಯ ಹೆಸರು ಹಿಂದಿನ ಪಾಲಿನಲ್ಲಿ, ಚಾವಡಿಯಲ್ಲಿ ಕೂತ ಗಂಡಸರ ಕೈಯಲ್ಲಿ. ಇವಳು ಯಾರ ಮಗಳೆಂದು ವಿಚಾರಿಸಲು ಹೊರಟರೆ ಗಂಡನ ಅಣ್ಣನ ಹೆಸರನ್ನೋ ಮಾವನ ಹೆಸರನ್ನೋ ನನ್ನ ಬಾಯಿಂದ ಹೇಳಬೇಕಾಗುತ್ತಿತ್ತು. ಹಾಗೆ ಹೇಳುವ ಕ್ರಮ ನಮ್ಮಲ್ಲಿರಲಿಲ್ಲ. ನಾನು ಕೇಳದೆ ಆ ಹೆಸರನ್ನು ಮುಂದಿನ ಮನೆಯ ಮಕ್ಕಳ ಜೊತೆ ಸೇರಿಸಿದೆ.

ಅವಳು ಗಂಡನ ಅಣ್ಣನ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರೂ ಮುದ್ದಿನ ಹೆಸರಿನಿಂದ ಕರೆಯುತ್ತಿದ್ದುದರಿಂದ ಪುಸ್ತಕದಲ್ಲಿದ್ದ ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಕುಟುಂಬದ ಪೂಜೆಯ ದಿನ ಪುಸ್ತಕ ಓದಿದಾಗ ಅವಳ ತಾಯಿಯ, ಎಂದರೆ ನಾನು ಅಕ್ಕ ಎಂದು ಕರೆಯುವವಳ, ಕೆಳಗೆ ಯಾರ ಹೆಸರೂ ಬರಲಿಲ್ಲ. ಅಕ್ಕ ಮಗಳನ್ನು ಮಡಿಲಿಗೆ ಎಳೆದುಕೊಂಡಳು. ಮಾವ ಆಮೇಲೆ ತಿದ್ದಿದರು. ಬರೆದವಳು ನಾನೆಂದು ನಾನು ಹೇಳಲಿಲ್ಲ.

ಕಳೆದ ವರ್ಷ ಸುಳ್ಯ, ಪುತ್ತೂರು, ಕಡಬದಲ್ಲಿ ಹರಡಿದ ಕವಲುಗಳ ಪುಸ್ತಕಗಳನ್ನೆಲ್ಲ ಸೇರಿಸಿ ಒಂದೇ ಮಾಡುವ ಕೆಲಸವನ್ನು ನಿಮ್ಮಲ್ಲಿ ದೊಡ್ಡವಳು ವಹಿಸಿಕೊಂಡಳು. ಪ್ರತಿ ಮನೆಯ ಶುರುವಿಗೂ ಕೊನೆಗೂ ಗುರುತು ಹಾಕಿ ಕಂಪ್ಯೂಟರಿಗೆ ತುಂಬಿದಳು. ಪ್ರತಿ ಹೆಸರನ್ನು ಉಳಿದೆಲ್ಲ ಪುಸ್ತಕಗಳ ಜೊತೆ ಹೋಲಿಸಬೇಕು, ಅದಕ್ಕೆ ತುಂಬ ಹೊತ್ತು ಬೇಕಂತೆ.

"ಇದರ ಒಳಗೆ ಎಂಟು ಕೋರ್ ಉಂಟಜ್ಜಿ, ಲೆಕ್ಕ ಮಾಡುವ ಎಂಟು ಆಳು ಇದ್ದ ಹಾಗೆ. ಒಂದಕ್ಕೇ ಕೆಲಸ ಕೊಟ್ರೆ ಏಳು ಸುಮ್ಮನೆ ಕೂತ್ಕೊಳ್ತವೆ."

"ಮದುವೆ ಮನೆಯ ಗಂಡಸರ ಹಾಗೆ," ಎಂದೆ.

ಪೂಜೆಗೆ ಮೂರು ದಿನವಿರುವಾಗ ಅವಳು ಪ್ರಿಂಟ್ ತಂದುಕೊಟ್ಟಳು. ಕನ್ನಡಕ ಹಾಕಿ ಮೊದಲು ಅಕ್ಕನ ಮನೆ ಹುಡುಕಿದೆ. ಅಕ್ಕನ ಕೆಳಗೆ ಮತ್ತೆ ಖಾಲಿ. ಅಕ್ಕನಿಗೆ ಈಗ ತೊಂಬತ್ತರ ಹತ್ತಿರ. ಅದನ್ನು ಅವಳು ಎರಡನೆಯ ಸಲ ಕೇಳಬಾರದು.

"ಹೇಗೆ ಪಾಲು ಮಾಡಿದ್ದು? ಮನೆ ನೋಡಿಯಾ, ಉದ್ದ ನೋಡಿಯಾ?"

"ಉದ್ದ ನೋಡಿ. ಸಮ ಎಂಟು ತುಂಡು. ತುಂಡಿನ ತಲೆಯಲ್ಲಿ ಮನೆ ಸಿಗದ ಹೆಸರು ಬಂದ್ರೆ ಮುಂದಿನ ಮನೆಗೆ ಹಾಕ್ಲಿಕ್ಕೆ ಹೇಳಿದ್ದೆ."

"ನಾನೂ ಹಾಗೇ ಮಾಡಿದ್ದು ಮಾರಾಯ್ತಿ," ಎಂದು ಎಲ್ಲವನ್ನೂ ಹೇಳಿದೆ. ಹೇಗೆ ಹಂಚಬೇಕೆಂದೂ ಹೇಳಿದೆ. "ಮೊದಲು ಒಬ್ಬ ಹೆಸರು ಓದದೆ ಮನೆಗಳ ಶುರು, ಕೊನೆ ಮಾತ್ರ ನೋಡಿಕೊಂಡು ಹೋಗ್ಲಿ. ಮತ್ತೆ ಇಡೀ ಇಡೀ ಮನೆ ಕೊಡು. ಯಾರದ್ದು ಮುಗೀತೋ ಅವ ಇನ್ನೊಂದು ತಗೊಳ್ಳಲಿ."

"ಇದನ್ನೇ ಕ್ಲಾಸಲ್ಲಿ ಮೇಡಂ ಹೇಳಿದ್ದು," ಎಂದಳು. "ನಾನು ಬರ್ಕೊಳ್ಳಲಿಲ್ಲ."

ಎರಡು ದಿನ ಕೂತು ತಿದ್ದಿದಳು. ಪೂಜೆಯ ದಿನ ಅಕ್ಕ ಮುಂದಿನ ಸಾಲಿನಲ್ಲಿದ್ದಳು, ನಾನು ಎಂದಿನಂತೆ ಅವಳ ಹಿಂದೆ. ಅಕ್ಕನ ಹೆಸರು ಬಂತು, ಕೆಳಗೆ ಮಗಳು, ಮಗಳ ಮೂವರು ಮಕ್ಕಳು. ಅಕ್ಕ ಹಿಂತಿರುಗಿದಳು.

"ಈ ಸಲ ಬರೆದದ್ದು ಯಾರು?"

"ಕಂಪ್ಯೂಟರ್, ಅಕ್ಕ. ಆಚೆ ಸಲ ತಪ್ಪು ಬರೆದದ್ದು ನಾನು."

"ಅಕ್ಷರ ನೋಡಿ ಅವತ್ತೇ ಗೊತ್ತಾಗಿತ್ತು. ನೀನು ಹೇಳ್ತೀಯಾ ಅಂತ ಕಾದದ್ದು," ಎಂದು ಪಕ್ಕಕ್ಕೆ ಸರಿದು ಬೆಂಚು ತಟ್ಟಿದಳು.

ಅಷ್ಟು ಜನರ ಎದುರಿಗೆ ಎದ್ದು ಹೋಗಿ ನಾನು ಮುಂದಿನ ಸಾಲಿನಲ್ಲಿ ಕೂತೆ.