ಜಗ್ಗುವ ಕೈ

ಜವಳಗೇರಾದ ಗ್ಯಾನಪ್ಪ ನನ್ನ ಜೊತೆ ಓದಿದವನು. ಹದಿನೆಂಟರವರೆಗೆ ಭತ್ತದ ಬಂಡಿ ಹೊಡೆದ, ಆಮೇಲೆ ಸಿಂಧನೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಕಲಿತ. ೧೯೮೪ರಲ್ಲಿ ಹೈದರಾಬಾದಿಗೆ ಹೋಗಿ ಒಂದು ಹಾರಾಟದ ಕ್ಲಬ್ಬಿನಲ್ಲಿ ಮೆಕ್ಯಾನಿಕ್ ಆದ. ಅಲ್ಲಿಯ ಕೆಲಸಗಾರರಿಗೆ ವಿಮಾನ ಹಾರಿಸಲು ಕಲಿಯಲು ರಿಯಾಯಿತಿ ಇತ್ತು. ಏಳು ವರ್ಷ ತಿಣುಕಾಡಿ ಲೈಸೆನ್ಸು ಪಡೆದ. ಊರಲ್ಲಿ ಯಾರೂ ನಂಬಲಿಲ್ಲ, ನಾನೂ ನಂಬಿರಲಿಲ್ಲ.

ಆಗ ಮಸ್ಕಿ ಕಡೆಯ ಹತ್ತಿ ಹೊಲಗಳಿಗೆ ವಿಮಾನದಿಂದ ಔಷಧ ಹೊಡೆಯುವ ಕಂಪನಿಯೊಂದು ಪೈಲಟನ್ನು ಹುಡುಕುತ್ತಿತ್ತು. ಊರ ಹತ್ತಿರದ ಕೆಲಸ. ಗ್ಯಾನಪ್ಪನಿಗೆ ಅದೇ ಬೇಕಿತ್ತು. ಆದರೆ ವಿಮಾನದ ಪಲ್ಟಿ, ಗಿರಕಿಗಳಿಂದ ಸುರಕ್ಷಿತವಾಗಿ ಹೊರಬರಬಲ್ಲ ಎಂದು ಉಸ್ತಾದರ ಚೀಟಿ ತರಬೇಕಿತ್ತು.

ಕ್ಲಬ್ಬಿನಲ್ಲಿ ಹಾರಾಟ ಕಲಿಸುತ್ತಿದ್ದ ಉಸ್ತಾದರು ಲಿಂಗಸುಗೂರಿನ ಚಾಂದ್‌ಪಾಷಾ, ವಾಯುಸೇನೆಯಿಂದ ನಿವೃತ್ತರಾದವರು. ಹಾರುವ ಮುಂಚೆ ಕಿಸೆ ಖಾಲಿ ಮಾಡಿಸುತ್ತಿದ್ದರು, ಬೆಲ್ಟನ್ನು ತಾವೇ ಬಿಗಿಯುತ್ತಿದ್ದರು, ಆರು ಸಾವಿರ ಅಡಿ ಏರದೆ ಯಾವ ಆಟವನ್ನೂ ಶುರು ಮಾಡಗೊಡುತ್ತಿರಲಿಲ್ಲ. ಪಲ್ಟಿ ಗ್ಯಾನಪ್ಪನಿಗೆ ಸಲೀಸಾಗಿ ಬಂತು. ತೊಡಕಾದದ್ದು ಗಿರಕಿ. ವಿಮಾನ ಬುಗುರಿಯಂತೆ ಸುತ್ತುತ್ತ ಬೀಳುವಾಗ ಎಂಜಿನ್ನಿನ ವೇಗ ಇಳಿಸಿ, ಸುತ್ತಿನ ಎದುರು ಪೆಡಲ್ ಒತ್ತಿ, ಕೈಯಲ್ಲಿರುವ ಸ್ಟಿಕ್ಕನ್ನು ಮುಂದಕ್ಕೆ ನೂಕಬೇಕು. ಇವನು ಹಿಂದಕ್ಕೆ ಎಳೆಯುತ್ತಿದ್ದ. ಎತ್ತು ಬೆದರಿದಾಗ ಹಗ್ಗ ಜಗ್ಗಿ ಬೆಳೆದ ಕೈ. ನೆಲ ಎದುರಿಗೆ ಬರುವುದನ್ನು ಕಂಡರೆ ಅದಕ್ಕೆ ಬೇರೇನೂ ತೋಚುತ್ತಿರಲಿಲ್ಲ. ಜಗ್ಗಿದಷ್ಟು ಹೊತ್ತು ಗಿರಕಿ ಬಿಡುವುದಿಲ್ಲ.

"ಲೇ ಗ್ಯಾನಪ್ಪಾ, ಇದು ಎತ್ತಲ್ಲೋ! ಜಗ್ಗಿದ್ರ ನಿಂದ್ರೂದಿಲ್ಲ, ನೂಕು!" ಎಂದು ಚಾಂದ್‌ಪಾಷಾ ಹಿಂದಿನ ಸೀಟಿನಿಂದ ಒದರುತ್ತಿದ್ದರು.

ಮೂರು ತಿಂಗಳು ಗ್ಯಾನಪ್ಪ, ಶೆಡ್ಡಿನಲ್ಲಿ ನಿಂತ ವಿಮಾನದಲ್ಲಿ ಕೂತು ಬರೀ ನೂಕುವುದನ್ನೇ ಮಾಡಿದ. ಉಳಿದವರು ನಕ್ಕರು. ನಗುವವರಿಗೇನು, ಬೀಳುವವನು ಇವನು.

ಪರೀಕ್ಷೆಯ ದಿನ ಚಾಂದ್‌ಪಾಷಾ ಕೈ ಮಡಿಲಲ್ಲಿಟ್ಟು ಸುಮ್ಮನೆ ಕೂತರು. ಗಿರಕಿ ಬಿಟ್ಟಿತು. ಕೆಳಗಿಳಿದ ಮೇಲೆ ಚೀಟಿ ಬರೆದು ಕೊಟ್ಟರು. ಗ್ಯಾನಪ್ಪ ಓದಿ, ಮಡಚಿ, ಅವರಿಗೇ ಚಾಚಿದ.

"ಬ್ಯಾಡ್ರೀ ಉಸ್ತಾದ್. ಮೊದಲು ಜಗ್ಗೀನ್ರೀ, ಆಮ್ಯಾಗ ನೂಕೀನಿ. ಒಂದು ಸುತ್ತು ಹೆಚ್ಚಾತು."

"ಬಿಡಿಸ್ಕೊಂಡೆಲ್ಲೋ, ಸಾಕಲ್ಲೇನು?"

"ಔಷಧ ಹೊಡಿಯೋರು ಗಿಡದ ಎತ್ತರದಾಗ ಹಾರ್ತಾರ್ರೀ. ಅಲ್ಲಿ ಕೈ ಜಗ್ಗಿತಂದ್ರ ಎರಡನೇ ಸುತ್ತು ಇರಂಗಿಲ್ಲ."

ಚಾಂದ್‌ಪಾಷಾ ಚೀಟಿ ಇಸಿದುಕೊಂಡು ಹರಿದರು. ಕೆಲಸ ಬೇರೆಯವನ ಪಾಲಾಯಿತು. ಕೇಳಿ ನನಗೆ ಸಿಟ್ಟೇ ಬಂತು. ಇಷ್ಟು ಸಾಚಾತನ ಯಾರಿಗೆ ಬೇಕಾಗಿತ್ತು? ಅವನು ಮತ್ತೆ ಎಂಟು ತಿಂಗಳು ಕಲಿತ. ಕೈ ಜಗ್ಗುವುದನ್ನು ಬಿಡುವಷ್ಟರಲ್ಲಿ ಆ ಕಂಪನಿಯೇ ಬಾಗಿಲು ಹಾಕಿತ್ತು. ಗ್ಯಾನಪ್ಪ ಮೆಕ್ಯಾನಿಕ್ಕಾಗಿಯೇ ಉಳಿದ.

ಆ ವರ್ಷ ಅವನು ಊರಿಗೆ ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. ರೊಟ್ಟಿ ಬಡಿಯುತ್ತಿದ್ದ ಅವನ ತಾಯಿ ಯಮನಮ್ಮ ಕೇಳಿಯೇಬಿಟ್ಟಳು: "ಕೈಯಾಗ ಬಂದ ಚೀಟಿ ಯಾಕ ಹೊಳ್ಳಿ ಕೊಟ್ಟಿಯೋ ಯಪ್ಪಾ?"

"ನಿನ್ನ ಕಣ್ಣಮುಂದ ಬೀಳಬಾರದಂತ, ಯವ್ವಾ," ಎಂದ ಗ್ಯಾನಪ್ಪ.